ತುಳಿದು ಒಡೆದ ಮಣ್ಣುಂಡೆ

“ಹೆಂಡತಿಗೆ ಒಂದು ಹೂವಿನ ಗಿಡ ತಂದುಕೊಟ್ಟವನಲ್ಲ, ಜಿಂಕೆಗಳಿಗೆ ಮಾತ್ರ ವರ್ಷಾ ವರ್ಷಾ ಕೂರಿಸಿ ಬಡಿಸ್ತಾನೆ” ಎಂದು ಸೆಲ್ಮರನ ಬಗ್ಗೆ ನಮ್ಮ ಕಣಿವೆಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಗಂಡಸರ ಮಾತು ಬೇರೆ ಇತ್ತು. ಹಿಮ ಕರಗಿದ ಮೇಲೆ ಮೇವಿನ ಅಂಗಡಿಯ ಕಾಫಿ ಮೇಜಿನ ಸುತ್ತ ಕೂತವರು ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ: “ಸೆಲ್ಮರ್ ಹೊಲಕ್ಕೆ ಇಳಿದ್ನಾ?” ಇಳಿದಿಲ್ಲ ಎಂದರೆ ಇನ್ನೊಂದು ಲೋಟ ಕಾಫಿ. ಇಳಿದ ಎಂದರೆ ಎಲ್ಲರೂ ಎದ್ದು ಟ್ರ್ಯಾಕ್ಟರಿನ ಕಡೆಗೆ. ರೇಡಿಯೋದಲ್ಲಿ ಹವಾಮಾನದ ವರದಿ ಬರುತ್ತಿತ್ತು, ನಿಜ. ಆದರೆ ರೇಡಿಯೋ ಯಾವತ್ತೂ ನಮ್ಮ ಹಳ್ಳದ ದಂಡೆಯ ಜೇಡಿಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದ್ದಿಲ್ಲವಲ್ಲ.

ಸೆಲ್ಮರ್ ನೋಡುತ್ತಿದ್ದ. ಅವನ ನೆಲಕ್ಕೂ ನಮ್ಮ ನೆಲಕ್ಕೂ ಒಂದೇ ಬೇಲಿ, ಹಾಗಾಗಿ ನಾನು ನನ್ನ ಅಡುಗೆಮನೆಯ ಕಿಟಕಿಯಿಂದಲೇ ಎಷ್ಟೋ ಸಲ ಕಂಡಿದ್ದೇನೆ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಮುಕಿ ಉಂಡೆ ಕಟ್ಟುತ್ತಿದ್ದ. ಸೊಂಟದ ಎತ್ತರದಿಂದ ಕೈಬಿಡುತ್ತಿದ್ದ. ಬಿದ್ದ ಉಂಡೆ ಪುಡಿಪುಡಿಯಾದರೆ ಹದ ಬಂತು. ಮುದ್ದೆಯಂತೆ ಕೂತೇ ಇದ್ದರೆ ಟೋಪಿ ಸರಿಮಾಡಿಕೊಂಡು ಮನೆಗೆ. ಹಸಿ ಜೇಡಿಯ ಮೇಲೆ ಟ್ರ್ಯಾಕ್ಟರ್ ಓಡಿಸಿದರೆ ಅದು ಇಟ್ಟಿಗೆಯಾಗುತ್ತದೆ, ವರ್ಷಗಟ್ಟಲೆ ಬೇರು ಇಳಿಯುವುದಿಲ್ಲ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕಾಯುವ ತಾಳ್ಮೆ ಇದ್ದದ್ದು ಅವನೊಬ್ಬನಿಗೇ.

ಹಸುಗಳನ್ನು ಮಾರಿದ ಮೇಲೆ ಮೇಲಿನ ಹೊಲವನ್ನೆಲ್ಲ ಪಕ್ಕದ ವಿಲ್ಬರ್ಟನಿಗೆ ಗೇಣಿಗೆ ಕೊಟ್ಟು, ಹಳ್ಳದ ಪಕ್ಕದ ತಗ್ಗಿನ ತುಂಡೊಂದನ್ನು ಮಾತ್ರ ತನಗೆಂದು ಇಟ್ಟುಕೊಂಡಿದ್ದ. ಅದು ಜಿಂಕೆಗಳ ಮಡಿ. ಅವು ಮೇಯಲೆಂದು ವಸಂತದಲ್ಲಿ ಓಟ್ಸ್ ಮತ್ತು ಕ್ಲೋವರ್ ಹುಲ್ಲು, ಬೇಸಿಗೆಯ ಕೊನೆಗೆ ಟರ್ನಿಪ್ ಗೆಡ್ಡೆ. ಮೇಲೆ ಓಕ್ ಮರದಲ್ಲಿ ಅವನದೊಂದು ಹಲಗೆಯ ಅಟ್ಟಣೆ. ನವೆಂಬರಿನಲ್ಲಿ ಬೇಟೆಯ ಕಾಲ ಶುರುವಾಗುವ ಮೊದಲ ಬೆಳಗ್ಗೆ ಅವನು ಆ ಅಟ್ಟಣೆಯಲ್ಲಿ ಇಲ್ಲದ್ದನ್ನು ನಮ್ಮ ಕಣಿವೆ ಕಂಡಿರಲಿಲ್ಲ. ಹೊಡೆದದ್ದಕ್ಕಿಂತ ನೋಡಿ ಬಿಟ್ಟದ್ದೇ ಹೆಚ್ಚು. ಹೊಡೆದರೆ ಮಾಂಸ ನಮಗೆಲ್ಲ ಹಂಚಿಹೋಗುತ್ತಿತ್ತು. “ನಿನ್ನ ಗಂಡ ಸಾಕಿ ಬೆಳೆಸಿ ಕೊಲ್ತಾನಲ್ಲೇ” ಎಂದು ನಾನು ಅವನ ಹೆಂಡತಿ ಆರ್ಲಿಸ್‌ಳನ್ನು ರೇಗಿಸಿದರೆ ಅವಳು, “ನನ್ನನ್ನ ಬರೀ ಸಾಕಿ ಬಿಟ್ಟಿದಾನೆ ನೋಡು, ಅಷ್ಟು ಪುಣ್ಯ” ಎನ್ನುತ್ತಿದ್ದಳು.

ಒಂದು ನವೆಂಬರಿನಲ್ಲಿ ಅಟ್ಟಣೆ ಖಾಲಿಯಾಯಿತು. ಹೃದಯದ ಕವಾಟ ಕೆಟ್ಟು ಸೆಲ್ಮರ್ ಆಸ್ಪತ್ರೆಯಲ್ಲಿದ್ದ. ಮುಂದಿನ ಜೂನ್‌ನಲ್ಲಿ ಆಪರೇಷನ್ ಎಂದರು; ಆಮೇಲೆ ಬೇಸಿಗೆಯಿಡೀ ಟ್ರ್ಯಾಕ್ಟರ್ ಮುಟ್ಟುವಂತಿಲ್ಲ. ಮನೆಗೆ ಬಂದವನಿಗೆ ಒಂದೇ ಹಂಬಲ ಹತ್ತಿತು.

“ಬಂದೂಕು ಎತ್ತೋಕೆ ಭುಜ ಏಳದಿದ್ರೂ ಸರಿ, ಮಾರಾಯ. ಇನ್ನೊಂದೇ ಒಂದು ಮೊದಲ ಬೆಳಗ್ಗೆ ಅಲ್ಲಿ ಕೂತು ಅವು ಬರೋದು ನೋಡ್ಬೇಕು” ಎಂದು ನನ್ನ ಗಂಡ ಲವರ್ನ್‌ನ ಹತ್ತಿರ ಹೇಳಿದನಂತೆ. “ಬೇಸಿಗೇಲಿ ಉಂಡ ಮನೆಗೇ ನೆಂಟರು ಚಳೀಲೂ ಬರೋದು. ಈ ವಸಂತ ಬಿತ್ತದಿದ್ರೆ ಯಾತಕ್ಕೆ ಬರ್ತವೆ?”

ಆ ವಸಂತ ಮಾತ್ರ ಮಳೆಗೆ ಹುಚ್ಚು ಹಿಡಿದಿತ್ತು. ಏಪ್ರಿಲ್ ಹೋಯಿತು, ಮೇ ಅರ್ಧವಾಯಿತು, ಹಳ್ಳ ದಂಡೆಯೊಳಗೆ ಇಳಿಯಲೇ ಇಲ್ಲ. ತಗ್ಗಿನಲ್ಲಿ ಹಗಲಲ್ಲೇ ಕಪ್ಪೆಗಳು ವಟಗುಟ್ಟುತ್ತಿದ್ದವು. ಸೆಲ್ಮರ್ ದಿನಾ ಊದಿದ ಕಾಲೆಳೆದುಕೊಂಡು ಹೋಗಿ ಉಂಡೆ ಕಟ್ಟುವುದು, ಬಿಡುವುದು, ಕೂತ ಉಂಡೆಯನ್ನು ನೋಡುತ್ತ ನಿಲ್ಲುವುದು.

ಒಂದು ದಿನ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಇಣುಕಿತು. ನಾನು ಬೇಲಿಯ ಪಕ್ಕ ಬಟ್ಟೆ ಹರವುತ್ತಿದ್ದೆ. ಸೆಲ್ಮರ್ ಉಂಡೆ ಕೈಬಿಟ್ಟ. ಅದು ಬಿದ್ದು ಹಾಗೇ ಕೂತಿತು. ಅವನು ಸುತ್ತ ನೋಡಿದ. ನನ್ನನ್ನು ಕಾಣಲಿಲ್ಲ, ನಡುವೆ ಲವರ್ನ್‌ನ ಷರಟುಗಳು ತೂಗುತ್ತಿದ್ದವು. ಆಮೇಲೆ ಬೂಟುಗಾಲು ಎತ್ತಿ ಆ ಉಂಡೆಯನ್ನು ತುಳಿದ.

ಹಿತ್ತಲಲ್ಲಿ ನಿಂತಿದ್ದ ಆರ್ಲಿಸ್ ಕೂಗಿ ಕೇಳಿದಳು, “ಒಡೀತಾ?”

“ಒಡೀತು!” ಎಂದ.

ಟ್ರ್ಯಾಕ್ಟರ್ ಸದ್ದು ಕಣಿವೆಯ ತುಂಬ ಕೇಳಿಸಿತು. ಎರಡು ಸಾಲು ಸರಿಯಾಗಿಯೇ ಹೋದ. ಮೂರನೆಯದರಲ್ಲಿ ಹಿಂದಿನ ಗಾಲಿ ಅಚ್ಚಿನವರೆಗೂ ಹೂತುಹೋಯಿತು. ಲವರ್ನ್ ಸರಪಳಿ ಹಾಕಿ ಎಳೆದದ್ದರಿಂದ ಟ್ರ್ಯಾಕ್ಟರ್ ಹೊರಬಂತು, ಆದರೆ ಅಷ್ಟರಲ್ಲಿ ಮಡಿಯ ತುಂಬ ಮೊಣಕಾಲುದ್ದದ ಗಾಲಿಗುಂಡಿ, ಅದರ ತುಂಬ ಕೆಂಪು ನೀರು. ಕೆಸರಿನಲ್ಲಿ ಕೂತು ಏದುಸಿರು ಬಿಡುತ್ತಿದ್ದ ಸೆಲ್ಮರ್ ತಲೆಯೆತ್ತಿದಾಗ ಕಂಡದ್ದು ಅದಕ್ಕಿಂತ ಕೆಟ್ಟದ್ದು. ಮೇಲಿನ ಹೊಲದಲ್ಲಿ ವಿಲ್ಬರ್ಟ್ ಮೆಕ್ಕೆಜೋಳ ಬಿತ್ತುತ್ತಿದ್ದ. ಅದರಾಚೆ ಇನ್ನೊಬ್ಬ, ದಿಬ್ಬದ ಮೇಲೆ ಮತ್ತೊಬ್ಬ. ಸದ್ದು ಕೇಳಿ ಎಲ್ಲರೂ ಇಳಿದಿದ್ದರು.

“ಹೋಗಿ ನಿಲ್ಸು ಅವರನ್ನ” ಎಂದ ಲವರ್ನ್‌ಗೆ. ಎಲ್ಲಿ ನಿಲ್ಲಿಸುವುದು? ಲವರ್ನ್ ದಿಬ್ಬ ಹತ್ತುವಷ್ಟರಲ್ಲಿ ಮತ್ತೆ ಮಳೆ ಬಂತು.

ಜೂನ್ ಹೊತ್ತಿಗೆ ಬಿಸಿಲು ಬಿತ್ತು, ನೆಲ ಇಟ್ಟಿಗೆಯಾಯಿತು. ವಿಲ್ಬರ್ಟನ ಜೋಳ ಹಳದಿಗೆ ತಿರುಗಿ ಗೇಣುದ್ದಕ್ಕೇ ನಿಂತಿತು. ಅದು ಅವನ ಹಸುಗಳ ಚಳಿಗಾಲದ ಮೇವು. ಆಸ್ಪತ್ರೆಯವರು ಸೆಲ್ಮರನ ಶ್ವಾಸಕೋಶದ ನೀರು ನೋಡಿ, ಈಗ ಕತ್ತರಿ ಹಾಕಿದರೆ ಮೇಜಿನ ಮೇಲೇ ಹೋಗಬಹುದೆಂದು ಆಪರೇಷನ್ ಬಿಟ್ಟೇಬಿಟ್ಟರು. ಮನೆಗೆ ಬಂದವನು ಮೊದಲು ಹೋದದ್ದು ವಿಲ್ಬರ್ಟನ ಕೊಟ್ಟಿಗೆಗೆ. ಗಾಡಿ ಓಡಿಸಿದವಳು ನಾನು.

ವಿಲ್ಬರ್ಟ್ ಹಾಲಿನ ಕ್ಯಾನು ತೊಳೆಯುತ್ತಿದ್ದ. ತಿರುಗಿ ನೋಡಲಿಲ್ಲ. “ಏನು ಸೆಲ್ಮರ್, ಈವತ್ತು ಯಾವ ಹೊಲ ಹದವಾಗಿದೆ ಅಂತ ಹೇಳೋಕೆ ಬಂದ್ಯಾ?”

“ಉಂಡೆ ಒಡೆದಿರಲಿಲ್ಲ ಕಣೋ. ನಾನೇ ತುಳಿದೆ.”

ಕ್ಯಾನಿನ ಸದ್ದು ನಿಂತಿತು. “ತುಳಿದ್ಯಾ?”

“ಹೂಂ.”

“ನಮ್ಮಪ್ಪನ ಮಾತು ಮೀರಿದೀನಿ, ಪಾದ್ರಿ ಮಾತು ಮೀರಿದೀನಿ. ನಿನ್ನ ಟ್ರ್ಯಾಕ್ಟರ್ ಸದ್ದು ಮೀರಿದವನಲ್ಲ ನಾನು.”

“ನಾನೇನು ನಿನ್ನನ್ನ ಕರೆದ್ನಾ?” ಎಂದ ಸೆಲ್ಮರ್. ಹೇಳಿದವನೇ ತನ್ನ ಮಾತಿಗೆ ತಾನೇ ನಾಚಿ, “ಕರೆದೆ. ಕರೆದ ಹಾಗೇ ಅದು” ಎಂದ.

“ನಿನಗೊಂದು ನವೆಂಬರ್ ಬೇಕಿತ್ತು. ನನಗೂ ಒಂದು ಬರ್ತದೆ, ಹಸುಗಳಿಗೂ ಬರ್ತದೆ” ಎಂದು ವಿಲ್ಬರ್ಟ್ ಮತ್ತೆ ಕ್ಯಾನಿಗೆ ಕೈಹಾಕಿದ. ಕಾಫಿ ಕುಡಿ ಎನ್ನಲಿಲ್ಲ. ನಮ್ಮಲ್ಲಿ ಅದು ಸಣ್ಣ ಮಾತಲ್ಲ. ದಾರಿಯುದ್ದಕ್ಕೂ ಸೆಲ್ಮರ್ ಕಿಟಕಿಯಿಂದ ಹಳದಿ ಜೋಳವನ್ನೇ ನೋಡುತ್ತಿದ್ದ. ಮೇವಿನ ಅಂಗಡಿಗೆ ಅವನು ಮತ್ತೆ ಹೋಗಲಿಲ್ಲ, ಅಲ್ಲಿ ಅವನ ಹೆಸರು ಹಿಡಿದು ಯಾರೂ ಕೇಳಲೂ ಇಲ್ಲ.

ಆಗಸ್ಟ್ ಕೊನೆಗೆ ಪಡುವಣ ಮೋಡ ಕಟ್ಟಿತು. ಟರ್ನಿಪ್ ಬೀಜಕ್ಕೆ ಉಳುಮೆ ಬೇಕೇಬೇಕೆಂದಿಲ್ಲ. ಜಡಿಮಳೆಯ ಮುಂಚೆ ಎರಚಿದರೆ ಬಿರುಕಿನಲ್ಲಿ, ಗಾಲಿಗುಂಡಿಯಲ್ಲಿ ಎಲ್ಲಾದರೂ ಹಿಡಿಯುತ್ತದೆ. ಸೆಲ್ಮರ್ ಬೂಟು ಹುಡುಕತೊಡಗಿದ. ಆರ್ಲಿಸ್ ಫೋನು ಮಾಡಿದ್ದಕ್ಕೆ ನಾನು ಓಡಿದೆ.

ಮೊದಲೇ ಹೇಳಿಬಿಡುತ್ತೇನೆ: ನವೆಂಬರ್ ಅವನಿಗೆ ಸಿಗಲಿಲ್ಲ. ಆ ಸಂಜೆ ಮಡಿಯಿಂದಲೇ ಅವನನ್ನು ಆಸ್ಪತ್ರೆಗೆ ಒಯ್ದರು, ಸೆಪ್ಟೆಂಬರಿನಲ್ಲಿ ತೀರಿಕೊಂಡ. ಆ ಮನೆಯೊಳಗೆ ಅವನು ಮತ್ತೆ ಕಾಲಿಡಲಿಲ್ಲ.

ನಾನು ಹೋದಾಗ ಆರ್ಲಿಸ್ ಬಾಗಿಲಿಗೆ ಅಡ್ಡ ನಿಂತಿದ್ದಳು.

“ನಾನು ಎರಚ್ತೀನಿ, ನೀನು ಕಿಟಕೀಲಿ ಕೂತು ಬೈತಾ ಇರು. ಅದು ನಿನಗೆ ಬರ್ತದೆ.”

“ನೀನು ಕೋಳಿಗೆ ಹಾಕಿದ ಹಾಗೆ ಎರಚ್ತೀಯೆ.”

“ನೀನು ಬಿದ್ರೆ ಎತ್ತೋರ್ಯಾರು?”

“ಈಗಲೇ ಬಿದ್ದಿದೀನಲ್ಲೇ, ಆರ್ಲಿ,” ಎಂದ ಅವನು ಮೆಲ್ಲಗೆ. “ಆ ಮಡೀನ ಹಾಗೇ ಬೋಳಾಗಿ ಬಿಟ್ಟು ಹೋಗ್ಲಾ?”

ಅವಳು ಬಾಗಿಲಿನಿಂದ ಸರಿದಳು. ಆಮೇಲೆ ನೆಲಕ್ಕೆ ಕೂತು ಅವನ ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೂಟಿಗೆ ಸೇರಿಸಿದಳು. ಊತಕ್ಕೆ ದಾರ ಎಟುಕಲಿಲ್ಲ, ಹಾಗೇ ಬಿಟ್ಟಳು. ಎದ್ದು, “ಅವನ ತೋಳು ಹಿಡ್ಕೊಳ್ಳೇ” ಎಂದು ನನಗೆ ಹೇಳಿ ಅಡುಗೆಮನೆಯಿಂದ ಒಂದು ಕುರ್ಚಿ ಎತ್ತಿ ತಂದಳು, ಹತ್ತು ಹೆಜ್ಜೆಗೊಮ್ಮೆ ಅವನನ್ನು ಕೂರಿಸಲು.

ಮೊದಲ ಹನಿ ಬೀಳುತ್ತಿತ್ತು. ಸೆಲ್ಮರ್ ಬೀಜದ ಚೀಲವನ್ನು ಕೊರಳಿಗೆ ಹಾಕಿಕೊಂಡು, ಒಂದು ಕೈ ನನ್ನ ಹೆಗಲ ಮೇಲಿಟ್ಟು, ಮೆಟ್ಟಿಲು ಇಳಿದ. ಹಿಂದೆ ಕುರ್ಚಿ ಹೊತ್ತ ಆರ್ಲಿಸ್ ಕಾಲಿನಿಂದ ಬಾಗಿಲನ್ನು ಎಳೆದುಕೊಂಡಳು.