ನಾನು ತಿರುಗಿ ಹೇಳದ ಮಾತು

ಹೋದ ಭಾನುವಾರ ಎದುರುಮನೆಯ ಬಾಣಂತಿಗೆ ತಲೆಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡುತ್ತಿದ್ದರು. ಹೊಗೆ ರಸ್ತೆ ದಾಟಿ ನನ್ನ ಅಡುಗೆಮನೆಯ ಕಿಟಕಿಗೆ ಬಂತು. ಬೆಳಗ್ಗೆ ಏಳೂಕಾಲು. ಆ ಹೊತ್ತಿಗೆ ತಿಂಡಿ ಮುಗಿಸಿ ಪಾತ್ರೆ ತೊಳೆದು ಬೋರಲು ಹಾಕಿರುತ್ತೇನೆ. ಅವತ್ತು ಲೋಟ ಕೈಯಲ್ಲೇ ಉಳಿಯಿತು. ನನ್ನ ಮೂಗಿಗೆ ಅದು ಟಿಂಕ್ಚರ್ ಬೆಂಜಾಯಿನ್ ಆಗಿ ಬಂದಿತ್ತು. ಸಾಂಬ್ರಾಣಿಯನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿದ ಕಂದು ಔಷಧಿ ಅದು. ಗಾಯದ ಸುತ್ತ ಸವರಿದರೆ ಪ್ಲಾಸ್ಟರು ಬಿಗಿಯಾಗಿ ಅಂಟುತ್ತದೆ. ಮಳವಳ್ಳಿಯಲ್ಲಿ ಅದನ್ನು ಹದವರಿತು ಸವರುತ್ತಿದ್ದವರು ಒಬ್ಬರೇ, ನಮ್ಮ ಡ್ರೆಸ್ಸರ್ ಸಾಹೇಬರು…

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ದುಡಿದವಳು, ವಾರ್ಡ್ ಸಿಸ್ಟರಾಗಿ ನಿವೃತ್ತಳಾದವಳು. ಅದರಲ್ಲಿ ಹನ್ನೊಂದು ವರ್ಷ ಮಳವಳ್ಳಿಯಲ್ಲಿ ಅವರ ಜೊತೆ ಕೆಲಸ ಮಾಡಿದೆ. ಗಾಯ ತೊಳೆದು ಕಟ್ಟುವುದು ಅವರ ಕೆಲಸ. ನನಗಿಂತ ಎರಡು ವರ್ಷ ಮೊದಲೇ ನಿವೃತ್ತರಾಗಿ, ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಎರಡು ಸ್ಟೂಲು, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಸ್ಟೀಲ್ ಡಬ್ಬ ಇಟ್ಟುಕೊಂಡು ಅದೇ ಕೆಲಸ ಮುಂದುವರಿಸಿದರು. ಬರುತ್ತಿದ್ದವರಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದ ರೈತರೇ ಹೆಚ್ಚು. ಡಾಕ್ಟರ ಚೀಟಿ ಇಲ್ಲದೆ ಯಾರ ಗಾಯವನ್ನೂ ಅವರು ಮುಟ್ಟುತ್ತಿರಲಿಲ್ಲ. ಬಿಚ್ಚಿದ ಬಟ್ಟೆಯನ್ನು ಮೊದಲು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಕಣ್ಣಿಗೆ ಕಾಣುವ ಮುಂಚೆ ಕೀವು ಮೂಗಿಗೆ ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ. ನನ್ನ ಅನುಭವವೂ ಅದೇ.

ನಿವೃತ್ತಿಯಾದ ಮೊದಲ ತಿಂಗಳಲ್ಲೇ ನನಗೆ ಬೆಳಗುಗಳು ಭಾರವಾದವು. ಐದಕ್ಕೆ ಏಳುವುದು, ಕೆರೆ ಏರಿಯ ಮೇಲೆ ನಡೆಯುವುದು, ಆರೂವರೆಗೆ ವಾಪಸ್ಸು ಬರುವುದು. ಆಮೇಲೆ? ಒಂದು ದಿನ ಅವರ ಬಾಗಿಲಲ್ಲಿ ನಿಂತು, ಗಾಜ್ ಮಡಿಸಿ ಕೊಡಲೇ ಎಂದು ಕೇಳಿದೆ. ಸ್ಟೂಲು ಎಳೆದು ಕೊಟ್ಟರು. ಅಂದಿನಿಂದ ಆರೂವರೆಗೆ ಹೋಗಿ ಏಳಕ್ಕೆ ಏಳುವುದು ನನ್ನ ಡ್ಯೂಟಿಯಾಯಿತು. ಬಟ್ಟೆಯ ಅಂಚು ಒಳಗೆ ಹೋಗಬೇಕು, ಒಂದು ನೂಲೂ ಹೊರಗೆ ಕಾಣಬಾರದು. ಮಡಿಸಿದ್ದನ್ನು ಡಬ್ಬಕ್ಕೆ ತುಂಬಿ ಕುಕ್ಕರಿನಲ್ಲಿಟ್ಟು ಇಪ್ಪತ್ತು ನಿಮಿಷ ಉಗಿಗೆ ಬಿಡುತ್ತಿದ್ದೆವು. ಸಮಯ ನೋಡುತ್ತಿದ್ದುದು ನನ್ನ ಗಡಿಯಾರದಲ್ಲಿ.

ಕೈ ಕೆಲಸದಲ್ಲಿದ್ದಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ನಾನು ಓಟು ಹಾಕುವ ಪಕ್ಷ ಅವರಿಗೆ ಸೇರದು, ಅವರದು ನನಗೆ ಸೇರದು. ಮಸೀದಿಯ ಮೈಕು, ನಮ್ಮ ಹಬ್ಬದ ಮೈಕು, ಹುಡುಗಿಯರ ತಲೆಬಟ್ಟೆ, ಯಾವುದನ್ನೂ ಬಿಡಲಿಲ್ಲ. ಮೊದಮೊದಲು ಮಾತು ಬಿಸಿಯಾಗಿ ಎರಡು ದಿನ ಮುಖ ತಿರುಗಿಸಿ ಕೂತದ್ದೂ ಉಂಟು. ಆಗ ನಾನು ವಾರ್ಡಿನ ಒಂದು ನಿಯಮ ತಂದೆ. ಡಾಕ್ಟರು ಬಾಯಲ್ಲಿ ಔಷಧಿ ಹೇಳಿದರೆ ನರ್ಸು ಅದನ್ನು ಅಳತೆ ಸಮೇತ ತಿರುಗಿ ಹೇಳಬೇಕು. ಅವರು "ಹೌದು" ಅಂದ ಮೇಲೆಯೇ ಸೂಜಿ ಎತ್ತಬೇಕು. ನಮ್ಮ ವಾದಕ್ಕೂ ಅದೇ ಇರಲಿ ಎಂದೆ. ಎದುರಿನವರು ಹೇಳಿದ್ದನ್ನು ಮೊದಲು ತಿರುಗಿ ಹೇಳುವುದು, ಅವರು ಹೌದು ಅಂದ ಮೇಲೆ ಮಾತ್ರ ನಮ್ಮ ಉತ್ತರ. ಸಾಹೇಬರು ನಕ್ಕು ಒಪ್ಪಿದರು.

ಆ ನಿಯಮದ ಮೊದಲ ಏಟು ಬಿದ್ದದ್ದು ನನಗೇ. ಎಲ್ಲೋ ದೂರದ ಊರಲ್ಲಿ ದೇವರ ಹೆಸರು ಹೇಳಿ ಜನರನ್ನು ಕೊಂದ ಸುದ್ದಿ ಪತ್ರಿಕೆಯಲ್ಲಿತ್ತು. ಇಂಥದ್ದಾದಾಗ ನಿಮ್ಮವರು ಯಾರೂ ಬಾಯಿ ಬಿಡುವುದಿಲ್ಲ ಎಂದು ನಾನು ಅಂದೆ. ಅವರು ಗಾಜ್ ಕೆಳಗಿಟ್ಟರು.

"ನೀವು ಹೇಳಿದ್ದು ಇದು ಸಿಸ್ಟರಮ್ಮ. ಅಲ್ಲಿ ಕೊಂದೋರು ನಮ್ಮೋರು. ನಾನೂ ಅವರ ಪೈಕಿ. ಬಾಯಿ ಬಿಡದೆ ಇರೋನು ಹೂಂ ಅಂದಂಗೆ. ಅದಕ್ಕೆ ನಾನೂ ಹೂಂ ಅಂದಂಗೆ. ಸರಿಯಾ?"

ನನ್ನದೇ ಮಾತು ಅವರ ಬಾಯಿಂದ ಬಂದಾಗ ಹೌದು ಅನ್ನಲಾಗಲಿಲ್ಲ. ಆಡಿದವಳು ನಾನೇ ಆದ್ದರಿಂದ ಅಲ್ಲ ಅನ್ನಲೂ ಆಗಲಿಲ್ಲ. ಆ ಮಾತು ಹೊಡೆದುಹಾಕಿ, ಇನ್ನೊಮ್ಮೆ ಹೇಳುತ್ತೇನೆ ಎಂದೆ. ಎರಡನೆಯ ಸಲ, ನಿಮ್ಮ ಬೀದಿಯಲ್ಲಿ ಹಾಗೆ ಯೋಚಿಸುವವರು ಇದ್ದಾರೆಯೇ, ಇದ್ದರೆ ನೀವೇನು ಮಾಡುತ್ತೀರಿ ಎಂದು ಕೇಳಿದೆ. ಅವರು ತಮ್ಮ ಅಣ್ಣನ ಮಗನ ವಿಷಯ ತೆಗೆದರು. ಧರ್ಮಪ್ರಚಾರಕ್ಕೆಂದು ಊರೂರು ತಿರುಗಿ ಬಂದ ಆ ಯುವಕ, ಪರಹೆಂಗಸರ ಕಾಲು ಮುಟ್ಟಬೇಡಿ, ಗೌಡರ ಮನೆಯ ಹಬ್ಬದ ಊಟ ತಿನ್ನಬೇಡಿ ಎಂದು ಮನೆಯಲ್ಲಿ ಜಗಳ ತೆಗೆದಿದ್ದನಂತೆ. ಅವನು ಅಂದದ್ದನ್ನೆಲ್ಲ ಸಾಹೇಬರು ತಿರುಗಿ ಹೇಳಿದರಂತೆ. ತಾವು ಅಂದದ್ದನ್ನು ಅವನು ಒಮ್ಮೆಯೂ ತಿರುಗಿ ಹೇಳಲಿಲ್ಲವಂತೆ. ಇದನ್ನು ಹೇಳುವಾಗ ಅವರ ಕೈ ಒಂದೇ ಬಟ್ಟೆಯನ್ನು ಮಡಿಸಿ ಬಿಚ್ಚಿ ಮಡಿಸುತ್ತಿತ್ತು. ಅವರ ಬಾಯಲ್ಲೂ ತಪ್ಪು ಮಾತು ಬಂದದ್ದುಂಟು. ನಿಮ್ಮ ಪಕ್ಷಕ್ಕೆ ಓಟು ಹಾಕುವವರಿಗೆಲ್ಲ ನಾವು ಊರು ಬಿಟ್ಟು ಹೋದರೆ ಸಾಕು ಎಂದು ಒಮ್ಮೆ ಅಂದು, ನಾನು ತಿರುಗಿ ಹೇಳಿದ ಮೇಲೆ ಅವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು.

ನನ್ನ ತಮ್ಮ ಬೆಳಕವಾಡಿಯಲ್ಲಿ ಜಮೀನು ನೋಡಿಕೊಂಡಿದ್ದವನು. ಅವನಿಗೂ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣಾಯಿತು. ನಾನೇ ಕಟ್ಟುತ್ತೇನೆ ಎಂದರೆ ಕಾಲು ಎಳೆದುಕೊಂಡ. "ಅಕ್ಕನ ಕೈಲಿ ಕಾಲು ಮುಟ್ಟಿಸ್ಕಂಡು ಯಾವ ನರಕಕ್ಕೋಗ್ಲಿ? ಬುಡು" ಎಂದ. ಹಿರಿಯರು ಕಿರಿಯರ ಕಾಲು ಮುಟ್ಟಬಾರದು. ನಮ್ಮ ಮನೆಯಲ್ಲಿ ಅದನ್ನು ಮೀರಿದವರಿಲ್ಲ. ಹಾಗಾಗಿ ಡಾಕ್ಟರ ಚೀಟಿ ಬರೆಸಿ ಸಾಹೇಬರ ಸ್ಟೂಲಿನ ಮುಂದೆ ಕೂರಿಸಿದೆ. ದಿನ ಬಿಟ್ಟು ದಿನ ಮೊದಲ ಬಸ್ಸಿಗೆ ಬರುತ್ತಿದ್ದ.

ಇಬ್ಬರಿಗೂ ಹೊಂದಿಕೆಯಾಯಿತು. "ಸಾಬ್ರೆ, ಮೆಲ್ಲುಕೆ ಎಳೀರಿ. ಅದು ನನ್ ಕಾಲು, ಕೋಳಿ ತೊಡೆಯಲ್ಲ" ಎಂದು ತಮ್ಮ ಅಂದರೆ, "ಕೋಳಿಯಾಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ ಗೌಡ್ರೆ" ಎಂದು ಅವರು. ನಾಲ್ಕು ತಿಂಗಳಿಗೆ ಹುಣ್ಣು ಹುಣಸೆ ಬೀಜದಷ್ಟಕ್ಕೆ ಇಳಿಯಿತು. ಇನ್ನು ಒಂದು ತಿಂಗಳು, ಚಪ್ಪಲಿ ಹಾಕಬಹುದು ಎಂದರು.

ಆ ತಿಂಗಳಲ್ಲೇ ನಮ್ಮ ಊರಲ್ಲಿ ಹಬ್ಬದ ಮೆರವಣಿಗೆಯೊಂದರ ಮೇಲೆ ಕಲ್ಲು ಬಿದ್ದದ್ದು. ಎರಡು ದಿನ ಅಂಗಡಿಗಳು ಬಾಗಿಲು ತೆಗೆಯಲಿಲ್ಲ. ಸರ್ಕಲ್ಲಿನಲ್ಲಿ ಪೊಲೀಸ್ ವ್ಯಾನು ನಿಂತಿತು. ಕಲ್ಲೆಸೆದವರಲ್ಲಿ ತಮ್ಮ ಬೀದಿಯವರೂ ಇದ್ದರು, ಅಣ್ಣನ ಮಗನೂ ಇದ್ದ ಎಂದು ಸಾಹೇಬರು ನನಗೆ ಮುಚ್ಚಿಡದೆ ಹೇಳಿದರು. ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲರ ಮುಂದೆ ಎದ್ದು ನಿಂತು, ಎಸೆದವರು ಒಪ್ಪಿಕೊಳ್ಳಲಿ ಎಂದರಂತೆ. ಹಿರಿಯರೊಬ್ಬರು ಕೂತುಕೊ ಎಂದು ಗದರಿದರಂತೆ. ಕೂರಲಿಲ್ಲವಂತೆ. ಅದನ್ನು ಹೆಮ್ಮೆಯಿಂದ ಹೇಳಲಿಲ್ಲ, ದಣಿದು ಹೇಳಿದರು.

ಅದಾಗಿ ಮೂರನೆಯ ದಿನ ತಮ್ಮ ಬಸ್ಸಿಳಿದವನು ಅವರಲ್ಲಿಗೆ ಹೋಗದೆ ನೇರ ನನ್ನ ಮನೆಗೆ ಬಂದ. ಫೋನು ತೆಗೆದು ತೋರಿಸಿದ. ಬಟ್ಟೆ ಸುತ್ತಿದ ಯಾರದೋ ಕಾಲಿನ ಚಿತ್ರ. ಕೆಳಗೆ, ಸಾಬರ ಕೈಗೆ ಗಾಯ ಕಟ್ಟಲು ಕೊಡಬೇಡಿ, ಬೇಕೆಂದೇ ಕಾಯಿಲೆ ತುಂಬಿ ಕಳಿಸುತ್ತಾರೆ ಎಂದು ಬರೆದಿತ್ತು. ಯಾವ ಊರು, ಯಾರ ಕಾಲು, ಒಂದೂ ಇಲ್ಲ. ಅದರ ಕೆಳಗೆ ಅವನ ಊರಿನವನೇ ಒಬ್ಬ, ಮಳವಳ್ಳಿಯಲ್ಲೂ ಒಬ್ಬನಿದ್ದಾನೆ ಎಂದು ಸೇರಿಸಿದ್ದ.

"ಅಕ್ಕ, ನೀನೂ ದಿನಾ ಅಲ್ಲೇ ಕುಂತಿರ್ತೀಯಲ್ಲ. ದಿಟವಾ, ಸುಳ್ಳಾ? ಅಷ್ಟೇ ಯೋಳು."

ಸುಳ್ಳೆಂದು ನನಗೆ ಗೊತ್ತಿತ್ತು. ಆ ಡಬ್ಬದ ಗಾಜ್ ಮಡಿಸಿದವಳು ನಾನು, ಉಗಿಯ ಇಪ್ಪತ್ತು ನಿಮಿಷ ಎಣಿಸಿದವಳು ನಾನು. ಆದರೆ ಹಿಂದಿನ ಸಂಜೆ ನಲ್ಲಿಯ ಹತ್ತಿರ ಬೀದಿಯ ಇಬ್ಬರು ಹೆಂಗಸರು, ಬೆಳಗಾದರೆ ಅಲ್ಲಿಗೆ ಯಾಕೆ ಹೋಗ್ತೀರಿ ಸಿಸ್ಟರ್ ಎಂದು ಕೇಳಿದ್ದರು. ಕೇಳಿದ ಧಾಟಿ ನನಗೆ ತಿಳಿದಿತ್ತು. ನಾನು ಒಬ್ಬಳೇ ಇರುವವಳು. ಇಷ್ಟೇ ಆಗಿದ್ದರೆ ಹೆದರಿದೆ ಎಂದು ಬರೆದು ಮುಗಿಸಬಹುದಿತ್ತು. ಇನ್ನೊಂದಿದೆ. ತಮ್ಮ ಕೇಳಿದ ಆ ಕ್ಷಣದಲ್ಲಿ ನಾನು ನೆನಪಿನೊಳಗೆ ಹುಡುಕಿದೆ. ಸಾಹೇಬರು ಎಂದಾದರೂ ನನಗೆ ಬೆನ್ನು ಮಾಡಿ ಬಾಟಲಿ ತೆಗೆದದ್ದುಂಟೇ ಎಂದು. ಏನೂ ಸಿಗಲಿಲ್ಲ. ಆದರೆ ಹುಡುಕಿದೆನಲ್ಲ…

"ನಾನೇನು ಅವ್ರ ಕೈಯೊಳಗೆ ಹೊಕ್ಕು ನೋಡಿದೀನೇನೋ" ಎಂದೆ. "ಸ್ವಲ್ಪ ದಿನ ಮಂಡ್ಯಕ್ಕೆ ಹೋಗಿ ಕಟ್ಟಿಸ್ಕೊ."

ಮಾರನೆಯ ಬೆಳಗ್ಗೆ ಆರೂವರೆಗೆ ನಾನೂ ಗಾಜ್ ಮಡಿಸಲು ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಹೇಳಿ ಕಳಿಸಲೂ ಇಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಹೇಳದೆ ಡ್ಯೂಟಿ ತಪ್ಪಿಸಿದವಳಲ್ಲ ನಾನು.

ತಮ್ಮ ಮಂಡ್ಯಕ್ಕೆ ಹೋದದ್ದು ಒಂದೇ ಸಲ. ಬೆಳಕವಾಡಿಯಿಂದ ಒಂದು ಬಸ್ಸು, ಮಳವಳ್ಳಿಯಿಂದ ಇನ್ನೊಂದು, ಆಮೇಲೆ ಸಾಲು. ಗದ್ದೆಗೆ ನೀರು ಬಿಟ್ಟ ವಾರ ಬೇರೆ. ಹೋದೆ ಎಂದು ಫೋನಿನಲ್ಲಿ ನನಗೆ ಸುಳ್ಳು ಹೇಳುತ್ತಾ, ಯಾರೋ ಕೊಟ್ಟ ಸೊಪ್ಪು ಅರೆದು ಕಟ್ಟಿಕೊಂಡು ಓಡಾಡಿದ. ಹದಿನಾರನೆಯ ದಿನ ಅನುಮಾನ ಬಂದು ನಾನೇ ಊರಿಗೆ ಹೋದೆ. ಬಾಗಿಲಲ್ಲೇ ವಾಸನೆ ಬಂತು. ಬಟ್ಟೆ ಬಿಚ್ಚುವ ಅಗತ್ಯವಿರಲಿಲ್ಲ, ಆದರೂ ಬಿಚ್ಚಿದೆ. ಅಕ್ಕನ ಕೈ ಎಂದು ಅವನು ಕಾಲು ಎಳೆದುಕೊಳ್ಳಲಿಲ್ಲ. ಬೆರಳುಗಳು ಕಪ್ಪಾಗಿದ್ದವು. ಅಂದೇ ಕಾರು ಮಾಡಿಸಿ ಮಂಡ್ಯದ ದೊಡ್ಡಾಸ್ಪತ್ರೆಗೆ ಸೇರಿಸಿದೆ. ಎರಡನೆಯ ದಿನ ಮೊಣಕಾಲಿನ ಕೆಳಗೆ ತೆಗೆದರು. ಡಾಕ್ಟರುಗಳು ಮಾಡಬೇಕಾದ್ದನ್ನೇ ಮಾಡಿದರು. ಒಪ್ಪಿಗೆ ಪತ್ರಕ್ಕೆ ಸಾಕ್ಷಿ ಸಹಿ ನನ್ನದು.

ತಿಂಗಳಾದ ಮೇಲೆ ತಮ್ಮನನ್ನು ನನ್ನ ಮನೆಗೇ ಕರೆತಂದು ಇಟ್ಟುಕೊಂಡೆ. ಒಂದು ಬೆಳಗ್ಗೆ ಸರಿಯಾಗಿ ಆರೂವರೆಗೆ ಸಾಹೇಬರು ಬಂದರು. ಕೈಯಲ್ಲಿ ಕಾಗದದ ಪೊಟ್ಟಣ. ತಮ್ಮ ಒಳಗೆ ನಿದ್ದೆಯಲ್ಲಿದ್ದ. ಬಾಗಿಲಲ್ಲೇ ನಿಂತು ಅವನ ಕಾಲಿನ ಕಡೆ ನೋಡಿದರು, ಚೆನ್ನಾಗಿ ಕಟ್ಟಿದ್ದಾರೆ ಎಂದರು. ಆಮೇಲೆ ಜಗಲಿಯ ಮೇಲೆ ಕೂತರು. ಅವರ ಕೋಣೆಗೆ ಬರುವ ಜನ ದಿನಕ್ಕೆ ಹನ್ನೆರಡರಿಂದ ಮೂರಕ್ಕೆ ಇಳಿದಿದ್ದರು ಎಂದು ಬೇರೆಯವರಿಂದ ಕೇಳಿದ್ದೆ. ಅವರು ಆ ಮಾತು ಎತ್ತಲಿಲ್ಲ.

"ಗೌಡ್ರು ಅವತ್ತೇ ಫೋನ್ ಮಾಡಿದ್ರು" ಎಂದರು. "ಅಕ್ಕನೂ ಗೊತ್ತಿಲ್ಲ ಅಂದ್ಳು ಸಾಬ್ರೆ, ನಾನೇನ್ ಮಾಡ್ಲಿ ಅಂದ್ರು."

ಒಳಗಿನ ಬಾಗಿಲನ್ನು ನಾನು ಮುಂದಕ್ಕೆ ಎಳೆದೆ.

"ಊರೋರು ಅನುಮಾನ ಪಟ್ಟಿದ್ದು ನಂಗೆ ದೊಡ್ಡದಲ್ಲ ಸಿಸ್ಟರಮ್ಮ. ಊರಿಗೆ ನನ್ನ ಕೈ ಗೊತ್ತಿಲ್ಲ. ನಿಮಗೆ ಗೊತ್ತಿತ್ತು. ಕೇಳಿದಾಗ ನೀವು ಸುಮ್ಮನಾದ್ರಿ. ಆ ಕಾಲು ಹೋಗಿದ್ದು ಅಲ್ಲಿ."

ಇಷ್ಟು ಹೇಳಿ ಎರಡೂ ಕೈ ಮಂಡಿಯ ಮೇಲಿಟ್ಟು ಕಾದರು. ಏನಕ್ಕೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಅವರ ನಾಲ್ಕು ಮಾತನ್ನು ನಾನು ತಿರುಗಿ ಹೇಳಬೇಕು. ಅವರು ಹೌದು ಅನ್ನಬೇಕು. ಆಮೇಲೆ ನನ್ನ ಸರದಿ. ಬಾಯಿ ತೆರೆದೆ.

"ಕಾಫಿ ತರ್ತೀನಿ, ಇರಿ" ಎಂದೆ.

ಎರಡು ಲೋಟ ಹಿಡಿದು ಬಂದಾಗ ಜಗಲಿ ಖಾಲಿಯಾಗಿತ್ತು. ಪೊಟ್ಟಣ ಅಲ್ಲೇ ಇತ್ತು. ಒಳಗೆ ಅಂಚು ಒಳಮಡಿಸಿದ ಗಾಜ್ ಬಟ್ಟೆಗಳು, ಅರ್ಧ ತುಂಬಿದ ಟಿಂಕ್ಚರ್ ಬೆಂಜಾಯಿನ್ ಬಾಟಲಿ. ತಮ್ಮನಿಗೆ ತಂದದ್ದು.

ಮುಂದಿನ ಬೇಸಿಗೆಗೆ ಅವರು ಕೋಣೆ ಮುಚ್ಚಿ ಮೈಸೂರಿನಲ್ಲಿದ್ದ ಮಗಳ ಮನೆಗೆ ಹೋದರು. ಹೋಗುವ ಮುಂಚೆ ಒಂದು ದಿನ ಅವರ ಬೀದಿಯ ತಿರುವಿನವರೆಗೆ ನಡೆದೆ. ಗಾಡಿಗೆ ಮೇಜು ಏರಿಸುತ್ತಿದ್ದರು. ನಾನು ಹಿಂದಿರುಗಿದೆ. ಹೋದ ವರ್ಷ ರಂಜಾನಿಗೆ ಮುಂಚೆ ತೀರಿಕೊಂಡರಂತೆ. ಮೆಡಿಕಲ್ ಅಂಗಡಿಯವರು ಹೇಳಿದಾಗ ತಿಂಗಳು ಕಳೆದಿತ್ತು.

ಅಂದು ಮನೆಗೆ ಬಂದು ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಸುಳ್ಳೆಂದು ಗೊತ್ತಿದ್ದೂ ಹೇಳಲಿಲ್ಲ ಎಂದೆ. ಅವನು ಮರದ ಕಾಲಿನ ಪಟ್ಟಿ ಬಿಗಿಯುತ್ತಿದ್ದ.

"ಗೊತ್ತು ಕಣಕ್ಕ" ಎಂದ. "ನೀ ಅವತ್ತು, ಲೋ ಸುಳ್ಳು ಕಣ್ಲಾ, ಓಗಿ ಕಟ್ಟಿಸ್ಕೊ ಅಂದಿದ್ರೆ ಓಯ್ತಿದ್ದೆ. ನಂಗೆ ಬೇಕಾಗಿದ್ದು ಅಷ್ಟೇಯ." ಪಟ್ಟಿ ಬಿಗಿದು ಮುಗಿಸಿ, "ಸಾಬ್ರ ಕೈ ತಣ್ಣಗಿತ್ತು" ಎಂದ. ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ.

ಬಾಟಲಿ ಈಗಲೂ ನನ್ನ ಬೀರುವಿನಲ್ಲಿದೆ. ಔಷಧಿ ಒಣಗಿ ತಳದಲ್ಲಿ ಅಂಟಿಕೊಂಡಿದೆ. ಭಾನುವಾರ ಬಾಣಂತಿಯ ಹೊಗೆ ಕಿಟಕಿಯಿಂದ ಕರಗಿ ಹೋಗುವ ಮುಂಚೆ ಅದನ್ನು ತಂದು ಮೇಜಿನ ಮೇಲಿಟ್ಟೆ. ನೆಟ್ಟಗೆ ಕೂತೆ. ಗಟ್ಟಿಯಾಗಿಯೇ ಹೇಳಿದೆ.

"ನೀವು ಹೇಳಿದ್ದು ಇದು ಸಾಹೇಬರೆ. ಊರಿಗೆ ನಿಮ್ಮ ಕೈ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೇಳಿದಾಗ ನಾನು ಸುಮ್ಮನಾದೆ. ಕಾಲು ಹೋಗಿದ್ದು ಅಲ್ಲಿ. ಸರಿಯಾ?"

ನಾನು ಕೊಡಬೇಕಾದ ಉತ್ತರ ಸಿದ್ಧವಾಗಿದೆ, ಒಂದೇ ಮಾತಿನದು. ಆದರೆ ಎದುರಿನವರು ಹೌದು ಅನ್ನುವವರೆಗೆ ಬಾಯಿ ತೆರೆಯುವಂತಿಲ್ಲ. ಆ ನಿಯಮ ಮಾಡಿದವಳು ನಾನೇ.