ಫಿಲೊಮಿನಾ ಕಿವಿಗೊಟ್ಟ ಪಾತ್ರೆ

ಡೋರೀನ್ ತನ್ನ ಅತ್ತೆಯನ್ನು ಮೊದಲು ಕಂಡದ್ದು ಒಂದು ಭಾನುವಾರದ ಬೆಳಿಗ್ಗೆ, ದಕ್ಷಿಣ ಫಿಲಡೆಲ್ಫಿಯಾದ ತಾರ್ತಾಲ್ಯಾ ಎಂಬ ಇಟಾಲಿಯನ್ ಹೋಟೆಲಿನ ಅಡುಗೆಮನೆಯಲ್ಲಿ. ಮದುವೆಯಾಗಬೇಕಿದ್ದ ನಿನೋ ತನ್ನ ಮನೆಯವರ ಆ ಹೋಟೆಲಿಗೆ ಅವಳನ್ನು ಹಿಂಬಾಗಿಲಿನಿಂದ ಕರೆತಂದಿದ್ದ. ಅವನ ತಾಯಿ ಫಿಲೊಮಿನಾ ಗಿಡ್ಡ ಹೆಂಗಸು. ಹಾಲಿನ ಡಬ್ಬಗಳ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ನಿಂತು ಟೊಮೆಟೊ ಗ್ರೇವಿ ತಿರುವುತ್ತಿದ್ದರು. ಬಂದವಳ ಕಡೆ ತಿರುಗಿಯೂ ನೋಡಲಿಲ್ಲ. ಸುಮ್ಮನೆ ನಿಲ್ಲುವುದು ಹೇಗೆಂದು ಡೋರೀನ್ ಪಕ್ಕದಲ್ಲಿದ್ದ, ಕಡ್ಡಿಯಂತೆ ಉದ್ದನೆಯ ಸ್ಪಾಗೆಟ್ಟಿಯ ಕಟ್ಟು ತೆಗೆದು, ಕುದಿಯುವ ನೀರಿಗೆ ಹಾಕಲು ನಡುವೆ ಮುರಿದಳು.

ಚಟಕ್ಕೆಂದಿತು. ಇಟಾಲಿಯನ್ನರು ಸ್ಪಾಗೆಟ್ಟಿ ಮುರಿಯುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ; ಫಿಲೊಮಿನಾರ ಸೌಟು ನಿಂತಿತು.

"ಏನದು ಮುರಿದಿದ್ದು?"

"ಸ್ಪಾಗೆಟ್ಟಿ, ಅಮ್ಮಾ. ಪಾತ್ರೆಗೆ ಹಿಡಿಸಲಿ ಅಂತ..."

"ಮಂಚಕ್ಕೆ ಹಿಡಿಸಲ್ಲ ಅಂತ ನನ್ನ ಮಗನ ಕಾಲೂ ಮುರೀತೀಯೇನು? ನಿನೋ, ಎಲ್ಲಿ ಸಿಕ್ಕಳೋ ಈ ಐರಿಷ್ ಹುಡುಗಿ?"

ಮದುವೆಯೇನೋ ಆಯಿತು. ಆದರೆ ಸೊಸೆಯ ಕೆಲಸ ಊಟದ ಕೋಣೆಗೇ ನಿಂತಿತು; ಗ್ರೇವಿಯ ಸೌಟು ಅವಳ ಕೈಗೆ ಬರಲಿಲ್ಲ. ತಟ್ಟೆ ಒಯ್ಯಲು ಬಂದಾಗಲೆಲ್ಲ ಡೋರೀನ್ ಬೆರಗಾಗಿ ನೋಡುತ್ತಿದ್ದಳು. ಅತ್ತೆ ಒಲೆಗೆ ಬೆನ್ನು ಹಾಕಿ ಮಾಂಸದಂಗಡಿಯವನ ಜೊತೆ ಜಗಳವಾಡುತ್ತಿರುವರು. ಮಾತಿನ ನಡುವೆಯೇ "ತಳ ಹಿಡೀತಿದೆ" ಎಂದು ತಿರುಗುವರು. ಪಾತ್ರೆಯೇ ಅವರ ಕಿವಿಯಲ್ಲಿ ಚಾಡಿ ಹೇಳಿದಂತೆ!

ಒಂದು ಚಳಿಗಾಲದ ಜ್ವರ ಫಿಲೊಮಿನಾರ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಕೊಂಡೊಯ್ದಿತು. ಅವರು ಯಾರಿಗೂ ಬಾಯಿ ಬಿಡಲಿಲ್ಲ. ಆದರೆ ಒಂದು ಭಾನುವಾರ ಹಳೆಯ ಗಿರಾಕಿ ಪಾಸ್ಕ್ವಾಲೆ ತಟ್ಟೆಯಲ್ಲುಳಿದ ಗ್ರೇವಿಯನ್ನು ಬ್ರೆಡ್ಡಿನಿಂದ ಬಳಿದು ತಿನ್ನದೆ ಎದ್ದುಹೋದ. ಆ ಹೋಟೆಲಿನಲ್ಲಿ ಗ್ರೇವಿ ಉಳಿದ ತಟ್ಟೆಯನ್ನು ಯಾರೂ ಕಂಡಿರಲಿಲ್ಲ. ಡೋರೀನ್ ಅದನ್ನು ತಂದು ಅತ್ತೆಯ ಮುಂದಿಟ್ಟಳು.

ಫಿಲೊಮಿನಾ ಸೌಟು ಕೆಳಗಿಟ್ಟರು. "ನನ್ನ ನಾಲಿಗೆ ಸತ್ತಿದೆ ಕಣೇ. ನಮ್ಮತ್ತೆ ಕೊಟ್ಟ ರುಚಿ ಕೆಡಿಸೋದಕ್ಕಿಂತ ಬಾಗಿಲು ಹಾಕೋದೇ ವಾಸಿ."

"ನನ್ನ ನಾಲಿಗೆ ಇದೆಯಲ್ಲ, ಅತ್ತೆ."

"ಸ್ಪಾಗೆಟ್ಟಿ ಮುರಿದವಳ ನಾಲಿಗೆ!"

"ಮುರಿದಿದ್ದು ಕೈ. ನಾಲಿಗೆ ಏನು ತಪ್ಪು ಮಾಡಿದೆ? ಇಷ್ಟು ವರ್ಷ ಅದು ನಿಮ್ಮ ಗ್ರೇವೀನೇ ತಿಂದಿರೋದು."

ಫಿಲೊಮಿನಾ ಬ್ರೆಡ್ಡಿನ ತುದಿ ಮುರಿದು, ಪಾತ್ರೆಗೆ ಅದ್ದಿ ಸೊಸೆಗೆ ಕೊಟ್ಟರು. ಆ ಮನೆಯಲ್ಲಿ ರುಚಿ ನೋಡುವ ಕ್ರಮವೇ ಅದು. ಅತ್ತೆ ತಮ್ಮ ಕೈಯಾರೆ ಕೊಟ್ಟದ್ದು ಅದೇ ಮೊದಲು.

"ಉಪ್ಪು ಎರಡು ಸಲ ಬಿದ್ದಿದೆ," ಎಂದಳು ಡೋರೀನ್. "ಬೇಸಿಲ್ ಎಲೆ ಬಿದ್ದೇ ಇಲ್ಲ."

"ಚೆಲ್ಲು ಅದನ್ನ. ಹೊಸದಾಗಿ ಇಡೋಣ."

ಹೊಸ ಪಾತ್ರೆ ಕುದಿಯತೊಡಗಿತು. ಫಿಲೊಮಿನಾ ಕಣ್ಣು ಮುಚ್ಚಿ ಕಿವಿಗೊಟ್ಟರು. ಡೋರೀನಳಿಗೆ ಕೇಳಿಸಿದ್ದು ಬರೀ ಲೊಟಲೊಟ. "ಈಗ ಎಣ್ಣೆ ಬಿಡ್ತಿದೆ, ನೋಡು," ಎಂದರು ಅತ್ತೆ. ಅವಳು ಮುಚ್ಚಳ ಸರಿಸಿದಳು. ಅಂಚಿನಲ್ಲಿ ಕೆಂಪನೆಯ ಎಣ್ಣೆ ಆಗಷ್ಟೇ ಬಳೆಯಂತೆ ಮೂಡುತ್ತಿತ್ತು.

ಈಗಲೂ ಭಾನುವಾರ ಚರ್ಚಿಗೆ ಹೋಗುವ ಮುನ್ನ ಒಲೆ ಹಚ್ಚುವವರು ಫಿಲೊಮಿನಾರೇ. ಬಂದ ಮೇಲೆ ಪಾತ್ರೆಯ ಪಕ್ಕ ಕುರ್ಚಿ ಹಾಕಿಕೊಂಡು ಕೇಳುತ್ತಾ ಕೂರುತ್ತಾರೆ. ರುಚಿಯನ್ನು ಡೋರೀನ್ ನೋಡುತ್ತಾಳೆ.