ಬೀಜಕ್ಕೆ ಬಿಟ್ಟ ನಾಲ್ಕು ಎಳೆ

ನಾನು ನಿಂತಿದ್ದದ್ದು ಶಲವಡಿಯ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ, ಹೊಸ್ತಿಲ ಒಳಗೆ. ಎಡಗೈ ಬಾಗಿಲ ಚೌಕಟ್ಟಿನ ಮೇಲಿತ್ತು, ಬಲಗೈ ಊರುಗೋಲಿನ ಮೇಲೆ. ಯುಗಾದಿ ಮುಗಿದ ಮೂರನೆಯ ಸೋಮವಾರ, ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷ. ಅಲ್ಲಿಂದ ಹನ್ನೆರಡು ಹೆಜ್ಜೆ ದೂರದಲ್ಲಿ, ಕರಿಬೇವಿನ ಗಿಡದ ಹತ್ತಿರ, ವಾಯರ್ ಕಾಕಾ ಕುಕ್ಕರಗಾಲಿನಲ್ಲಿ ಕುಳಿತು ನೀಲಿ ವಾಯರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯುತ್ತಿದ್ದರು. ಅವರ ಮೇಲಿನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ವರ್ಷಗಟ್ಟಲೆ ವಾಯರ್ ಸುಲಿದು ಸುಲಿದು ಬಿದ್ದದ್ದು. ವಾಯರು ಆ ಕಚ್ಚಿನಲ್ಲಿ ಅಳತೆ ತೆಗೆದು ಮಾಡಿಸಿದ ಹಾಗೆ ಕೂಡುತ್ತಿತ್ತು.

ಅವರು ನಮ್ಮ ಸಂಬಂಧಿಕರಲ್ಲ. ಮೊದಲು ಊರಿಗೆ ಟಿವಿಯ ಕೇಬಲ್ ಎಳೆದವರು, ಆಮೇಲೆ ಇಂಟರ್ನೆಟ್ ಎಳೆದರು. ಹೆಗಲ ಮೇಲೆ ವಾಯರಿನ ಸುರುಳಿ ಇಲ್ಲದೆ ಅವರನ್ನು ನೋಡಿದವರು ಊರಲ್ಲಿ ಕಡಿಮೆ. ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ, ಮಜ್ಜಿಗೆ ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ. ನಮ್ಮ ವೈನಿ, ಎಂದರೆ ಅಣ್ಣನ ಹೆಂಡತಿ, ಅವರನ್ನು ಕೆಣಕದೆ ಬಿಟ್ಟ ದಿನವಿಲ್ಲ.

"ಕಾಕಾ, ವಾಯರ್ ಹಲ್ಲಾಗ ಸುಲೀತೀರಿ. ಊಟಕ್ಕ ಕುಂತ್ರ ರೊಟ್ಟಿ ಬಿರುಸು ಅಂತೀರಿ."

"ನಿನ್ನ ರೊಟ್ಟಿಗಿಂತ ವಾಯರ್ ಮೆತ್ತಗ ಐತವ್ವಾ, ಏನ್ ಮಾಡ್ಲಿ?"

ನನ್ನ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸೊರಗಿತು. ಓದು ಮುಗಿಸಿ ನಾಲ್ಕು ವರ್ಷ ನಾನು ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಅಣ್ಣಿಗೇರಿಗೆ ಹೋಗಿ ಬರುವ ಬಸ್ಸಿನ ಮೆಟ್ಟಿಲು ಹತ್ತುವುದೇ ನನಗೆ ಒಂದು ದಿನದ ಕೆಲಸವಾಗಿತ್ತು. ಅಂಥ ಒಂದು ದಿನ ಕಾಕಾ ಕಟ್ಟೆಯ ಮುಂದೆ ನಿಂತರು. "ಏ ತಮ್ಮಾ, ನಿನ್ನ ಕಾಲ್ ನಡೀಲಿಕ್ರ ಏನಾತು, ನನ್ನ ವಾಯರ್ ನಡೀತೈತಿ. ಕುಂತಲ್ಲೇ ಮಾಡೋ ಕೆಲಸ ಹುಡಿಕ್ಯೊ. ಲೈನ್ ನಾ ಹಾಕ್ತೀನಿ" ಎಂದರು. ಬೇರೆ ಯಾರಾದರೂ ನನ್ನ ಕಾಲಿನ ಮಾತು ಎತ್ತಿದ್ದರೆ ಎದ್ದು ಒಳಗೆ ಹೋಗುತ್ತಿದ್ದೆ. ಅವರ ಮಾತಿಗೆ ನಕ್ಕೆ.

ಕೆಲಸ ಸಿಕ್ಕಿತು. ದೂರದ ಊರಿನ ಒಂದು ಆಸ್ಪತ್ರೆಗೆ ಬರುವ ಕರೆಗಳನ್ನು ಮನೆಯಿಂದಲೇ ತೆಗೆದುಕೊಂಡು ಯಾವ ಡಾಕ್ಟರು ಯಾವ ಹೊತ್ತಿಗೆ ಸಿಗುತ್ತಾರೆಂದು ಹೇಳಿ ಹೆಸರು ಬರೆಯುವುದು. ವೈಫೈ ನಡೆಯದು, ವಾಯರೇ ಬೇಕು ಎನ್ನುವುದು ಅವರ ಕಟ್ಟಳೆ. ಕಾಕಾ ಪಡಸಾಲೆಯ ರೂಟರಿನಿಂದ ಹಿತ್ತಲ ಕೋಣೆಯವರೆಗೆ, ಅಂಗಳದ ಕರಿಮಣ್ಣಿನಲ್ಲಿ ಪೈಪು ಹೂತು, ಅದರೊಳಗೆ ವಾಯರ್ ಎಳೆದರು. ಆರು ವರ್ಷ ಅದರ ಮೇಲೆ ನನ್ನ ಊಟ ನಡೆಯಿತು.

ಅವರ ಕೆಲಸದ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಆ ನೀಲಿ ವಾಯರಿನೊಳಗೆ ಎಂಟು ಸಣ್ಣ ಎಳೆಗಳಿರುತ್ತವೆ. ಕಾಕಾ ನಾಲ್ಕನ್ನು ಮಾತ್ರ ಜೋಡಿಸುತ್ತಿದ್ದರು. ಉಳಿದ ನಾಲ್ಕನ್ನು ಮಡಚಿ, ಸುತ್ತಿ, ಟೇಪು ಹಚ್ಚಿ ಬಿಡುತ್ತಿದ್ದರು. ಯಾಕೆಂದು ಕೇಳಿದ್ದೆ.

"ಅವು ಬೀಜಕ್ಕ ಬಿಟ್ಟದ್ದು. ಎಂಟೂ ಸುರದ್ರ, ನಾಳಿ ಒಂದ್ ಹರದಾಗ ಯಾರ್ ಮನೀಗಿ ಹೋಗ್ತಿ? ಬೀಜದ ಜ್ವಾಳ ಬೀಸಿ ಯಾರರೆ ರೊಟ್ಟಿ ಬಡೀತಾರೇನಲೇ?"

ಊರಿನ ಎಲ್ಲ ಮನೆಗಳಲ್ಲೂ ಹಾಗೇ ಮಾಡಿದ್ದರು. ನನ್ನ ಕಂಪ್ಯೂಟರಿನ ತಂತಿ ಚುಚ್ಚುವ ಜಾಗದಲ್ಲಿ ಸಾಸಿವೆಯಷ್ಟು ದೀಪ ಒಂದಿದೆ. ನಾಲ್ಕು ಎಳೆಗೆ ಅದು ಕಿತ್ತಳೆ ಬಣ್ಣದಲ್ಲಿ ಉರಿಯುತ್ತದೆ, ವೇಗ ನೂರಕ್ಕೆ ನಿಲ್ಲುತ್ತದೆ. ಎಂಟೂ ಸರಿಯಿದ್ದರೆ ಹಸಿರು, ಅದಕ್ಕೆ ಹತ್ತು ಪಟ್ಟು. ಹಸಿರನ್ನು ನಾನು ಪುಸ್ತಿಕೆಯ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಕಿತ್ತಳೆ ನನ್ನ ಕೆಲಸಕ್ಕೆ ಸಾಕಾಗಿತ್ತು.

ಆ ವರ್ಷ ಬೇಸಿಗೆ ಹತ್ತುತ್ತಲೇ ದೀಪ ನಂದತೊಡಗಿತು. ದೀಪ ನಂದಿದರೆ ವೇಗ ಹತ್ತಕ್ಕೆ ಇಳಿದಿದೆ ಎಂದರ್ಥ. ಕರೆಗಳು ತುಂಡಾದವು. ಎದೆನೋವೆಂದು ಕರೆ ಮಾಡಿದ ಒಬ್ಬ ಹೆಂಗಸಿನ ಮಾತು ನಡುವೆಯೇ ಕಡಿಯಿತು. ಆಕೆ ಮತ್ತೆ ಕರೆ ಮಾಡಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮೇಲಿನ ಅಧಿಕಾರಿ ಮೇಡಂ ಶುಕ್ರವಾರ ಹೇಳಿದರು: "ಸೋಮವಾರ ಮಧ್ಯಾಹ್ನ ಎರಡಕ್ಕೆ ನಮ್ಮ ಯಂತ್ರ ನಿಮ್ಮ ಲೈನನ್ನು ಪರೀಕ್ಷೆ ಮಾಡುತ್ತದೆ. ಪಾಸಾಗದಿದ್ದರೆ ನಿಮ್ಮ ಹೆಸರು ತೆಗೆಯಬೇಕಾಗುತ್ತದೆ. ನನ್ನ ಕೈಯಲ್ಲಿ ಏನೂ ಇಲ್ಲ."

ಕಾಕಾ ಶನಿವಾರ ಬೆಳಿಗ್ಗೆ ಬಂದರು, ಭಾನುವಾರ ಬೆಳಿಗ್ಗೆಯೂ ಬಂದರು. ರೂಟರಿನ ಬೇರೆ ತೂತಿಗೆ ಹಾಕಿ ನೋಡಿದರು. ಎರಡೂ ತುದಿಯ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿದರು. ಅಣ್ಣನ ಮಗಳ ಲ್ಯಾಪ್‌ಟಾಪ್ ತಂದು ಚುಚ್ಚಿ ನೋಡಿದರು. ಪ್ರತಿ ಸಲ ದೀಪ ಕಿತ್ತಳೆ ಉರಿಯಿತು, ಎಲ್ಲ ಸರಿ ಇತ್ತು. ಅವರು ಹೋಗಿ ಮೂರು ತಾಸಿಗೆ ಮತ್ತೆ ನಂದಿತು. ನಾನು ಆ ಎರಡು ದಿನ ಅನ್ನ ಬಿಟ್ಟು ದೀಪ ನೋಡುತ್ತ ಕುಳಿತಿದ್ದೆ.

ಸೋಮವಾರ ವೈನಿ ಕೋಣೆಯ ಬಾಗಿಲಲ್ಲಿ ನಿಂತು, "ಹೊತ್ತ ಏರಿದ ಮ್ಯಾಲಷ್ಟ ಕೆಡತೈತಲ್ಲೋ. ಕಾಕಾ ಬರೂದು ತಂಪೊತ್ತಿನ್ಯಾಗ. ಸಿಗೂದು ಹೆಂಗ?" ಎಂದರು. ಅದು ನನಗಾಗಲಿ ಕಾಕಾಗಾಗಲಿ ಹೊಳೆದಿರಲಿಲ್ಲ. ಹನ್ನೆರಡು ಹತ್ತಕ್ಕೆ ಅವರಿಗೆ ಫೋನ್ ಮಾಡಿದೆ.

"ಬಿಸಲ ಭಾಳ ಐತಿ ತಮ್ಮಾ. ಯಾಕೋ ಮೈಯಾಗ ಆರಾಮಿಲ್ಲ. ಐದಕ್ಕ ಬರ್ತೀನಿ."

"ಎರಡಕ್ಕ ಪರೀಕ್ಷಾ ಐತ್ರಿ ಕಾಕಾ. ಐದಕ್ಕ ನೀವು ಬಂದ್ರೂ ನನ್ನ ನೌಕರಿ ಇರಂಗಿಲ್ಲ."

"ಬಂದೆ" ಎಂದರು.

ಹನ್ನೆರಡು ಮೂವತ್ತೈದಕ್ಕೆ ಬಂದರು. ರೂಟರಿಗೆ ನೇರ ಚುಚ್ಚಿ ನೋಡಿದರು, ಸರಿ ಇತ್ತು. ಕೋಣೆಯಲ್ಲಿ ದೀಪ ನಂದಿತ್ತು. ಹಾಗಾದರೆ ದೋಷ ನಡುವೆ, ನೆಲದಲ್ಲಿ. ಪೈಪು ಹೋದ ದಾರಿಯಲ್ಲಿ ಬಗ್ಗಿ ನೋಡುತ್ತ ನಡೆದರು. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಬಾಯಿ ಬಿಡುತ್ತದೆ; ಕೈ ಇಳಿಯುವಷ್ಟು ಬಿರುಕು ಬೀಳುತ್ತದೆ. ಕರಿಬೇವಿನ ಗಿಡದ ಹತ್ತಿರ ಒಂದು ಬಿರುಕು ಪೈಪನ್ನು ಎರಡೂ ಕಡೆಗೆ ಎಳೆದಿತ್ತು. ನಾಲ್ಕು ವರ್ಷದ ಹಿಂದೆ ನಲ್ಲಿಗೆ ಅಗೆಯುವಾಗ ಪಿಕಾಸಿ ತಾಗಿ ವಾಯರ್ ಹರಿದದ್ದು ಅಲ್ಲೇ. ಅವತ್ತು ಕಾಕಾ ನಾಲ್ಕು ಎಳೆಗಳನ್ನು ಕೈಯಿಂದ ತಿರುವಿ ಟೇಪು ಸುತ್ತಿದ್ದರು. ಈಗ ಆ ಜೋಡು ಎಳೆದು ಎಳೆದು ಕೂದಲಷ್ಟರಲ್ಲಿ ನಿಂತಿತ್ತು. ಬಿಸಿಲಿಗೆ ಪೈಪು ಹಿಗ್ಗಿದಾಗ ಬಿಡುತ್ತಿತ್ತು, ತಂಪಿಗೆ ಕೂಡುತ್ತಿತ್ತು.

ಅವರು ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಇದು ನಾನ ಕಟ್ಟಿದ್ದು. ತಪ್ಪು ನಂದೈತಿ ತಮ್ಮಾ" ಎಂದರು. ಆಮೇಲೆ, "ಇವತ್ತ ಬೀಜಾನೂ ಬಿತ್ತಿಬಿಡೂಣು. ಎಂಟೂ ಹಾಕ್ತೀನಿ" ಎಂದರು.

ಎಂಟೂ ಹಾಕುವುದೆಂದರೆ ನಾಲ್ಕು ಕನೆಕ್ಟರ್: ರೂಟರಿನ ತುದಿಗೆ ಒಂದು, ಕೋಣೆಯ ತುದಿಗೆ ಒಂದು, ಹರಿದ ಜಾಗದ ಎರಡೂ ಕಡೆಗೆ ಒಂದೊಂದು. ಆ ಎರಡನ್ನು ಕೂಡಿಸಲು ಬೆರಳುದ್ದದ ಒಂದು ಡಬ್ಬಿ. ಮೊದಲ ಎರಡನ್ನು ನೆರಳಲ್ಲಿ ಮಾಡಿದರು. ಮೂರನೆಯದನ್ನು ಬಿಸಿಲಲ್ಲಿ ಕುಳಿತು ಇಕ್ಕಳದಿಂದ ಒತ್ತಿ ಮುಗಿಸಿ, ಎಡಗೈಯನ್ನು ಭುಜದಿಂದ ಮೊಣಕೈವರೆಗೆ ಉಜ್ಜಿಕೊಂಡರು. ನಾನು ನೋಡಿದೆ. ಮುಖದ ಬೆವರು ಗದ್ದದಿಂದ ಹನಿಯುತ್ತಿತ್ತು. ಅದನ್ನೂ ನೋಡಿದೆ.

"ಇಕ್ಕಳ ಒತ್ತಿ ಒತ್ತಿ ಕೈ ಹಿಡದೈತಿ. ಎರಡ್ ಮಿನಿಟ್ ಕುಂಡರ್ಲೇನು?" ಎಂದು ಕೇಳಿದರು.

ಇಕ್ಕಳ ಹಿಡಿದದ್ದು ಬಲಗೈ. ನೋಯುತ್ತಿದ್ದದ್ದು ಎಡಗೈ. ಆಸ್ಪತ್ರೆಯ ಕರೆ ತೆಗೆದುಕೊಳ್ಳುವುದೇ ನನ್ನ ಕೆಲಸ. ಎಡಗೈ ನೋವೆಂದು ಯಾರಾದರೂ ಹೇಳಿದರೆ ಸರದಿ ಬಿಟ್ಟು ತುರ್ತು ವಿಭಾಗಕ್ಕೆ ಜೋಡಿಸಬೇಕೆಂದು ನನಗೆ ಕಲಿಸಿದ್ದರು. ನಾನು ಹೇಳಿದ್ದು ಇಷ್ಟು: "ಒಂದ ಉಳದೈತಲ್ರಿ ಕಾಕಾ."

ಆಗ ಒಂದು ನಲವತ್ತು. ಅವರು ನಾಲ್ಕನೆಯ ತುದಿಯನ್ನು ಹಲ್ಲಿಗೆ ಕೊಟ್ಟರು.

ನಾನು ಒಳಗೆ ತಿರುಗಿ ಕಂಪ್ಯೂಟರಿನ ಮುಂದೆ ಕುಳಿತೆ. ಅಲ್ಲಿಂದ ಅಂಗಳ ಕಾಣುವುದಿಲ್ಲ. ಒಂದು ಐವತ್ತೆರಡಕ್ಕೆ ದೀಪ ಹೊತ್ತಿತು. ಹಸಿರು.

"ಹಸರ ಬಂತ್ರಿ ಕಾಕಾ! ಹಸರು!" ಎಂದು ಕೂಗಿದೆ.

ಉತ್ತರ ಬರಲಿಲ್ಲ. ನಾನು ವೇಗದ ಅಂಕಿ ಏರುವುದನ್ನು ನೋಡುತ್ತಿದ್ದೆ. ಇನ್ನೂರು, ನಾನೂರು, ಅದಕ್ಕೂ ಮೇಲೆ. ಒಂದು ನಿಮಿಷ ಹಾಗೆ ನೋಡಿದ್ದೇನೆ. ಆ ನಿಮಿಷವನ್ನು ನಾನು ಯಾರ ಲೆಕ್ಕಕ್ಕೂ ಹಾಕಲಾರೆ, ಅದು ನನ್ನದೇ. ಹೊರಗೆ ಹಿತ್ತಾಳೆಯ ತಂಬಿಗೆ ಕಲ್ಲಿನ ಮೇಲೆ ಬಿದ್ದ ಸಪ್ಪಳವಾಯಿತು. ವೈನಿ ಮಜ್ಜಿಗೆ ತಂದಿದ್ದರು.

ಹನ್ನೆರಡು ಹೆಜ್ಜೆ. ನನ್ನ ಕಾಲಿಗೆ ಅದು ಎಷ್ಟು ದೂರ ಎಂದು ಅವತ್ತು ಗೊತ್ತಾಯಿತು. ಕಾಕಾ ಕರಿಬೇವಿನ ಗಿಡಕ್ಕೆ ಬೆನ್ನು ಕೊಟ್ಟು ಕುಳಿತಿದ್ದರು, ತಲೆ ಒಂದು ಕಡೆಗೆ ವಾಲಿತ್ತು. ಕೂಡಿಸಿದ ಡಬ್ಬಿ ಬಿರುಕಿನ ಅಂಚಿನಲ್ಲಿತ್ತು. ಅದರ ಮೇಲೆ ಬಿಸಿಲು ಬೀಳದ ಹಾಗೆ ತಮ್ಮ ಹೆಗಲ ಟವೆಲ್ಲನ್ನು ಮಡಚಿ ಮುಚ್ಚಿದ್ದರು. ಅವರ ತಲೆ ಬಿಸಿಲಲ್ಲಿತ್ತು. ಮುಂದಿನ ಹಲ್ಲಿನ ಕಚ್ಚಿನಲ್ಲಿ ನೀಲಿ ಸಿಪ್ಪೆಯ ಚೂರೊಂದು ಇನ್ನೂ ಇತ್ತು. ಅಣ್ಣಿಗೇರಿಯಿಂದ ಆಸ್ಪತ್ರೆಯ ಗಾಡಿ ಬಂತು. ಅದರಲ್ಲಿ ಬಂದ ಡಾಕ್ಟರು ನಾಡಿ ನೋಡಿ ಕೈ ಕೆಳಗಿಟ್ಟರು.

ಸರಿಯಾಗಿ ಎರಡಕ್ಕೆ, ಕೋಣೆಯಲ್ಲಿ ಯಾರೂ ಇಲ್ಲದಾಗ, ಯಂತ್ರ ಪರೀಕ್ಷೆ ಮಾಡಿತ್ತು. ಪಾಸಾಗಿತ್ತು. ಅಭಿನಂದನೆ ಎಂದು ಪರದೆಯ ಮೇಲೆ ಬರೆದಿತ್ತು.

ಇವತ್ತಿಗೂ ಅದೇ ಜೋಡಿನ ಮೇಲೆ ನನ್ನ ಕೆಲಸ ನಡೆದಿದೆ. ಬಿರುಕಿಗೆ ಪ್ರತಿ ಬೇಸಿಗೆ ನೀರು ಹಾಕುತ್ತೇನೆ. ಕರೆಯಲ್ಲಿ ಯಾರಾದರೂ ಕೈ ನೋವು ಎಂದರೆ ಮೊದಲು ಯಾವ ಕೈ ಎಂದು ಕೇಳುತ್ತೇನೆ.

ನಾನು ಕೂಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ, ಅದನ್ನು ನಾನು ನೋಡಿಲ್ಲ, ನೋಡಿದೆನೆಂದು ಬರೆಯುವುದಿಲ್ಲ. ನೋಡಿದವರು ಇಬ್ಬರು. ಒಬ್ಬರು ವೈನಿ. ಹಿತ್ತಲ ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಕೂಗು ಕೇಳಿಸಿತ್ತು, ಆಗಲೇ ಕಾಕಾನ ತಲೆ ವಾಲಿತ್ತು ಎನ್ನುತ್ತಾರೆ. ಇನ್ನೊಬ್ಬಳು ಬಾಜೂ ಮನೆಯ ಅಜ್ಜಿ. ಅವತ್ತು ಮಾಳಿಗೆಯ ಮೇಲೆ ಕೊಡೆ ಹಿಡಿದು ಸಂಡಿಗೆ ಕಾಯುತ್ತ ಕುಳಿತಿದ್ದವಳು. ನಾನು ಹಸಿರು ಎಂದಾಗ ಕಾಕಾ ಬಲಗೈ ಎತ್ತಿದ್ದನ್ನು ಕಂಡೆ ಎನ್ನುತ್ತಾಳೆ. "ಎತ್ತಿದ್ನೋ ಯಪ್ಪಾ, ಹಿಂಗ" ಎಂದು ತನ್ನ ಕೈಯನ್ನೂ ಎತ್ತಿ ತೋರಿಸುತ್ತಾಳೆ. ಅವಳ ಕಣ್ಣು ಮಂಜಾಗಿದೆ, ಆಗಲೂ ಸ್ವಲ್ಪ ಮಂಜೇ ಇತ್ತು. ಇಬ್ಬರೂ ಬದುಕಿದ್ದಾರೆ, ಬೇಕಾದವರು ಕೇಳಬಹುದು.